ಮುಟ್ಟಿದರೆ ಮಡಚಿಕೊಳ್ಳುವ ಚಿನ್ನ

ಕಳೆದ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ನಾನು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ, ಕೌಂಟರಿನ ಎಡತುದಿಗೆ ನಿಂತಿದ್ದೆ. ಅಂಗಡಿಯ ಹೆಣ್ಣುಮಗಳು ನನ್ನ ಫೋನು ಬಿಚ್ಚಿ, ಸಿಮ್ ಕೂರುವ ಜಾಗದ ಹಳದಿ ಚುಕ್ಕೆಗಳನ್ನು ಸಣ್ಣ ಬ್ರಷ್ಷಿನಿಂದ ಒರೆಸುತ್ತಿದ್ದಳು. "ಇದು ಚಿನ್ನಾನೇ ಅಂಕಲ್. ತೆಳ್ಳಗೆ ಲೇಪ ಹಾಕಿರ್ತಾರೆ, ಅದಕ್ಕೇ ತುಕ್ಕು ಹಿಡಿಯಲ್ಲ" ಎಂದಳು. ಅವಳ ಪಕ್ಕದಲ್ಲಿ ಸಾಂಬ್ರಾಣಿ ಕಡ್ಡಿ ಉರಿಯುತ್ತಿತ್ತು. ಬೆಸುಗೆ ಹಾಕುವ ಯಂತ್ರದ ನೆತ್ತಿಯ ಮೇಲೆ ಅಂದಿನ ಹೊಸ ಕುಂಕುಮವಿತ್ತು.

ಚಿನ್ನ, ಕುಂಕುಮ, ಸಾಂಬ್ರಾಣಿಯ ವಾಸನೆ... ಮೂರೂ ಒಟ್ಟಿಗೆ ಬಂದಾಗ ನಾನು ಕೌಂಟರಿನ ಅಂಚು ಹಿಡಿದುಕೊಂಡೆ. "ನೀರು ಬೇಕಾ ಅಂಕಲ್?" ಎಂದು ಅವಳು ಕೇಳಿದಳು. ಬೇಡವೆಂದೆ.

ಈ ಮೂರನ್ನೂ ನಾನು ಹಿಂದೊಮ್ಮೆ ಒಟ್ಟಿಗೆ ಕಂಡದ್ದು ಎಂಬತ್ತೇಳನೇ ಇಸವಿಯಲ್ಲಿ, ದಸರಾ ರಜೆಗೆ ಮುಂಚಿನ ಶನಿವಾರ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ತೊಂಡೇಬಾವಿಯಿಂದ ಬಂದು, ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಾಲ್ಕು ತಿಂಗಳಾಗಿತ್ತು. ನಮ್ಮ ಪ್ರಯೋಗಶಾಲೆಗೆ ಒಬ್ಬರು ಅಟೆಂಡರ್ ಇದ್ದರು. ಮಕ್ಕಳು ಅವರನ್ನು ತಾತ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಆ ತಿಂಗಳ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ಇಷ್ಟು ವರ್ಷಗಳ ಕೆಲಸದಲ್ಲಿ ಒಂದು ಪ್ರನಾಳವನ್ನೂ ಒಡೆದವರಲ್ಲ. ಅದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ಹೋಗೋವಾಗ ಬೀಗದ ಕೈ ಕೊಡ್ತೀನಿ ಸಾರ್. ಜೊತೆಗೆ ಎಲ್ಲಾ ನೆಟ್ಟಗೆ ಕೊಡ್ತೀನಿ."

ಬೀರುವಿನ ಮೇಲಿನ ಅರೆಯಲ್ಲಿ ಒಂದು ಸ್ವರ್ಣಪತ್ರ ವಿದ್ಯುದ್ದರ್ಶಕ ಇತ್ತು. ಗಾಜಿನ ಶೀಶೆ, ಅದರ ಬಾಯಿಗೆ ಬಿರಡೆ, ಬಿರಡೆಯ ನಡುವೆ ತೂರಿದ ಹಿತ್ತಾಳೆ ಕಡ್ಡಿ. ಕಡ್ಡಿಯ ಮೇಲ್ತುದಿಗೆ ಒಂದು ಬಿಲ್ಲೆ. ಶೀಶೆಯೊಳಗಿನ ಕೆಳತುದಿಗೆ ಜೋಡಿಯಾಗಿ ತೂಗುವ ಎರಡು ಪುಟ್ಟ ಚಿನ್ನದ ಎಲೆಗಳು. ರೇಷ್ಮೆ ಬಟ್ಟೆಯಿಂದ ಉಜ್ಜಿದ ಗಾಜಿನ ಕಡ್ಡಿಯನ್ನು ಬಿಲ್ಲೆಗೆ ಸೋಕಿಸಿದರೆ ಎಲೆಗಳಿಗೆ ವಿದ್ಯುತ್ತು ಇಳಿದು, ಒಂದನ್ನೊಂದು ದೂಡಿಕೊಂಡು ಬಿಚ್ಚಿಕೊಳ್ಳುತ್ತವೆ. ಬೆರಳಿನಿಂದ ಬಿಲ್ಲೆ ಮುಟ್ಟಿದರೆ ಮಡಚಿಕೊಳ್ಳುತ್ತವೆ. ಚಿನ್ನದಷ್ಟು ತೆಳ್ಳಗೆ ಬಡಿಯಲು ಬರುವ ಲೋಹ ಇನ್ನೊಂದಿಲ್ಲ. ಹಾಗೆ ಬಡಿದ ಎಲೆ ಹಗುರಾದ್ದರಿಂದಲೇ ಅಷ್ಟು ಸಣ್ಣ ವಿದ್ಯುತ್ತಿಗೂ ಅದು ಅಲುಗುತ್ತದೆ.

ತಾತ ಅದನ್ನು ಬರೀ ಎಲೆ ಶೀಶೆ ಎನ್ನುತ್ತಿದ್ದರು. ವರ್ಷಗಟ್ಟಲೆ ಹೊರಗಿನಿಂದ ಒರೆಸಿದ್ದರು. ಪಾಠದ ಹೊತ್ತಿನಲ್ಲಿ ಅವರು ಗಂಟೆ ಹೊಡೆಯಲು ಹೊರಗಿರುತ್ತಿದ್ದರಿಂದ, ಅದು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಒಳಗಿರುವುದು ಏನೆಂದು ಅವರಿಗೆ ಹೇಳಿದವನು ನಾನು. ಆ ಶನಿವಾರದ ಹಿಂದಿನ ದಿನ, ಹೊಸ ಮೇಷ್ಟ್ರ ಹುರುಪಿನಲ್ಲಿ, "ತಾತ, ಅದು ಅಪ್ಪಟ ಚಿನ್ನ" ಎಂದಿದ್ದೆ.

ಶನಿವಾರ ಬೆಳಿಗ್ಗೆ ಏಳೂವರೆ. ರಜೆ ಶುರುವಾಗುವ ಮುನ್ನ ಶಾಲೆಯ ಉಪಕರಣಗಳಿಗೆ ಆಯುಧಪೂಜೆ ಮಾಡುವುದು ರೂಢಿ. ಮಕ್ಕಳು ಇನ್ನೂ ಬಂದಿರಲಿಲ್ಲ. ನಾನು ಪೂರ್ವದ ಕಿಟಕಿಯ ಬಳಿ ಚೆಂಡುಹೂವು ಬಿಡಿಸುತ್ತ ನಿಂತಿದ್ದೆ. ತಾತ ನನ್ನಿಂದ ಐದು ಹೆಜ್ಜೆ ದೂರದಲ್ಲಿ, ತಕ್ಕಡಿಗೆ, ಸ್ಪಿರಿಟ್ ದೀಪಕ್ಕೆ, ಸೂಕ್ಷ್ಮದರ್ಶಕಕ್ಕೆ ಒಂದೊಂದಾಗಿ ಕುಂಕುಮ ಇಡುತ್ತಿದ್ದರು. ಮೇಜಿನ ಮೇಲೆ ಸಾಂಬ್ರಾಣಿ ಧೂಪದ ಹೊಗೆ ಏಳುತ್ತಿತ್ತು. ಎಲೆ ಶೀಶೆಯ ಮುಂದೆ ಅವರು ನಿಂತರು. ಉಳಿದವಕ್ಕೆಲ್ಲ ಹೊರಮೈಗೆ ಇಟ್ಟಂತೆ ಇದಕ್ಕೆ ಇಡಲಿಲ್ಲ. ಒಳಗೆ ಲಕ್ಷ್ಮಿ ಕೂತಿರುವಾಗ ಗಾಜಿಗೆ ಕುಂಕುಮ ಇಟ್ಟರೆ ಏನು ಬಂತು? ಬಿರಡೆಯನ್ನು ಕಡ್ಡಿಯ ಸಮೇತ ಮೆಲ್ಲಗೆ ಮೇಲೆತ್ತಿದರು. ಉಂಗುರದ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ಎಲೆಯ ಹತ್ತಿರ ತಂದರು.

"ತಾತಾ!" ಎಂದು ನಾನು ಕೂಗಿದೆ.

ಇದನ್ನು ಸರಿಯಾಗಿ ಹೇಳಬೇಕು. ನಾನು ಕೂಗಿದಾಗ ಬೆರಳು ಎಲೆಯನ್ನು ಇನ್ನೂ ಮುಟ್ಟಿರಲಿಲ್ಲ. ಕೂಗಿಗೆ ಅವರು ಬೆಚ್ಚಿದರು, ಬೆರಳು ತಗುಲಿತು. ಕೂಗದಿದ್ದರೂ ತಗುಲುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ... ಒಂದು ಎಲೆ ಬೆರಳಿಗೆ ಅಂಟಿ ಬಂತು, ಇನ್ನೊಂದು ಮುದುಡಿ ಹರಿಯಿತು. ಸದ್ದೇ ಇರಲಿಲ್ಲ. ಎತ್ತಿಕೊಳ್ಳೋಣವೆಂದರೆ ಎಲೆಯೂ ಇರಲಿಲ್ಲ. ಅವರ ಬೆರಳ ತುದಿಯ ಕೆಂಪಿನ ನಡುವೆ ಒಂದಿಷ್ಟು ಹಳದಿ ಹೊಳಪು, ಅಷ್ಟೇ.

ತಾತ ಆ ಬೆರಳನ್ನು ಮೇಲಕ್ಕೆ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದರು. "ಇಷ್ಟು ವರ್ಷ ಒಂದು ಗಾಜು ಒಡೀಲಿಲ್ಲ ಸಾರ್. ಹೋಗೋ ತಿಂಗಳಲ್ಲಿ ಲಕ್ಷ್ಮೀನೇ ಹರಿದುಬಿಟ್ನಲ್ಲಪ್ಪಾ." ಕೈ ತೊಳೆಯಿರಿ ಎಂದರೆ ಒಪ್ಪಲಿಲ್ಲ. ತೊಳೆದರೆ ಲಕ್ಷ್ಮಿ ಚರಂಡಿಗೆ ಹೋಗುತ್ತಾಳೆ. ಬೆರಳಿಗೆ ಕರವಸ್ತ್ರ ಸುತ್ತಿಕೊಂಡು, ಮಕ್ಕಳು ಬಂದು ಮಂಗಳಾರತಿ ಮುಗಿಯುವವರೆಗೂ ಮೂಲೆಯಲ್ಲಿ ನಿಂತಿದ್ದರು. ಕಡಲೆಪುರಿಯನ್ನೂ ಮುಟ್ಟಲಿಲ್ಲ.

ಬೇರೆ ಎಲೆ ಎಲ್ಲಿ ಸಿಗುತ್ತದೆ? ಬೆಂಗಳೂರಿಗೆ ಬರೆದು ತರಿಸಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಅವರ ನಿವೃತ್ತಿ ಆಗಿರುತ್ತದೆ. ಮಧ್ಯಾಹ್ನ ಬಾಗಿಲು ಹಾಕುವಾಗ ದಾರಿ ತೋರಿಸಿದವರು ತಾತನೇ. ಪೇಟೆಯಲ್ಲಿ ಒಬ್ಬರು ಹಕೀಮ್ ಸಾಬರು ಇದ್ದರು, ಯುನಾನಿ ಔಷಧಿ ಕೊಡುವವರು. ಎದೆ ಗಟ್ಟಿಯಾಗಲೆಂದು ಲೇಹ್ಯದ ಮೇಲೆ ವರಖ್ ಎನ್ನುವ ತೆಳು ಚಿನ್ನದ ಹಾಳೆ ಅಂಟಿಸಿ ಕೊಡುತ್ತಾರೆಂದು ತಾತ ಕೇಳಿದ್ದರು. ಇಬ್ಬರೂ ಹೋದೆವು.

"ಬೀಮಾರಿ ಯಾರಿಗೆ?" ಎಂದರು ಹಕೀಮರು, ಕರವಸ್ತ್ರದ ಬೆರಳು ನೋಡುತ್ತ.

"ಶೀಶೆಗೆ ಸಾಬ್ರೇ" ಎಂದರು ತಾತ.

"ಶೀಶೆಗಾ? ಶೀಶೆಗೂ ಎದೆ ನೋವು ಬಂತಾ?"

ನಾನು ಎಲ್ಲವನ್ನೂ ಹೇಳಿದೆ. ಹಕೀಮರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಾತನ ಕರವಸ್ತ್ರ ಬಿಚ್ಚಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ನೆಕ್ಕಿಬಿಡಿ" ಎಂದರು. "ಜನ ನನ್ನ ಹತ್ರ ಬಂದು ಕೇಳಿ ತಗೊಳ್ತಾರೆ ಇದನ್ನ. ಚರಂಡಿಗೆ ಹೋಗೋದಕ್ಕಿಂತ ಹೊಟ್ಟೆಗೆ ಹೋದ್ರೆ ಒಳ್ಳೇದಲ್ವಾ?" ತಾತ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ, ನೆಕ್ಕಿದರು. "ಕುಂಕುಮದ ರುಚಿ ಬಿಟ್ರೆ ಏನೂ ಇಲ್ಲ" ಎಂದರು. ಅಂದು ಅವರು ಮೊದಲ ಸಲ ನಕ್ಕದ್ದು ಆಗ.

ಹಕೀಮರು ಕಾಗದದ ಪುಟ್ಟ ಪುಸ್ತಕದಿಂದ ಒಂದು ಹಾಳೆಯನ್ನು, ಅದರ ಮಡಿಕೆಯೊಳಗಿನ ಚಿನ್ನದ ಸಮೇತ, ತೆಗೆದುಕೊಟ್ಟರು. "ಇದಕ್ಕೆ ಏನೂ ಬೇಡ ಮೇಷ್ಟ್ರೇ. ಆದ್ರೆ ನಾಳೆ ನಾನೂ ಬರ್ತೀನಿ. ನನ್ನ ದವಾ ಶೀಶೆ ಒಳಗೆ ಏನ್ ಮಾಡ್ತದೆ ನೋಡ್ಬೇಕು."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಶಾಲೆಯಲ್ಲಿ ನಾಲ್ವರಿದ್ದೆವು. ನಾಲ್ಕನೆಯವರು ತಾತನ ಹೆಂಡತಿ. ನನ್ನ ಕೈ ಎಲೆ ಅಂಟಿಸುವ ಕೆಲಸಕ್ಕೆ ಆಗದು ಎಂದು ತಾತನಿಗೆ ಹೇಗೋ ತಿಳಿದು, ಅವರನ್ನು ಕರೆತಂದಿದ್ದರು. ಆಕೆ ಚಿಕ್ಕಂದಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವರು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳಿಂದ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ತೆಗೆಯುವವರು.

"ಇಷ್ಟು ವರ್ಷ ಬಾಟ್ಲಿ ಒರೆಸಿದ್ದೇ ಬಂತು, ಒಳಗೇನೈತೆ ಅಂತ ಕೇಳ್ಬಾರ್ದಾ?" ಎಂದು ಗಂಡನಿಗೆ ಅಂದು, ಸೆರಗನ್ನು ಮೂಗಿಗೆ ಕಟ್ಟಿಕೊಂಡರು. ಹುಳು ಸಾಕುವ ಮನೆಯಲ್ಲಿ ಮಾಡುವಂತೆ ಬಾಗಿಲು ಕಿಟಕಿ ಮುಚ್ಚಿಸಿದರು. "ಯಾರೂ ಉಸಿರು ಬಿಡಂಗಿಲ್ಲ. ನೀವೂ ಅಷ್ಟೇ ಸಾಬ್ರೇ, ಸ್ವಲ್ಪ ನಗು ತಡ್ಕೊಳ್ಳಿ."

ಚಿನ್ನವನ್ನು ಕಾಗದದ ಮಡಿಕೆಯಲ್ಲೇ ಇಟ್ಟು, ಹೊಸ ಬ್ಲೇಡಿನಿಂದ ಎರಡು ಪಟ್ಟಿ ಕೊಯ್ದರು. ಹಿತ್ತಾಳೆ ಕಡ್ಡಿಯ ತುದಿಗೆ ಸೂಜಿಮೊನೆಯಷ್ಟು ಗೋಂದು ಹಚ್ಚಿ, ಕಾಗದದ ಸಮೇತ ಪಟ್ಟಿಯನ್ನು ಒತ್ತಿ, ಕಾಗದವನ್ನು ಮಾತ್ರ ಹಿಂದಕ್ಕೆ ಜಾರಿಸಿದರು. ಎಲೆ ಅಲ್ಲೇ ನಿಂತಿತು. ಎರಡನೆಯದೂ ನಿಂತಿತು. ಅವರು ಬಿರಡೆ ಕೂರಿಸಿದ ಮೇಲೆಯೇ ನಾವು ಉಸಿರು ಬಿಟ್ಟೆವು.

ನಾನು ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಬಿಲ್ಲೆಗೆ ಸೋಕಿಸಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಎಲೆಗಳು ಸುಮ್ಮನೆ ತೂಗುತ್ತಿದ್ದವು. ತಾತ ಬಾಗಿಲ ಕಡೆ ತಿರುಗಿ, "ಲಕ್ಷ್ಮಿ ಮುನಿಸಿಕೊಂಡವ್ಳೆ ಸಾರ್" ಎಂದರು. ತಾತನ ಹೆಂಡತಿ ಬಂದು ನನ್ನ ಕೈಯ ಬಟ್ಟೆಯನ್ನು ಹಿಸುಕಿ ನೋಡಿದರು.

"ರಾತ್ರಿ ಮಳೆ ಬಂದೈತಲ್ಲ, ಇದೆಲ್ಲ ಥಂಡಿ ಹಿಡಿದೈತೆ. ಮುನಿಸೂ ಇಲ್ಲ, ಮಣ್ಣೂ ಇಲ್ಲ."

ನಿನ್ನೆಯ ಧೂಪದ ಪಾತ್ರೆಯಲ್ಲಿ ಕೆಂಡ ಮಾಡಿ ತಂದರು. ಕಡ್ಡಿಯನ್ನೂ ಬಟ್ಟೆಯನ್ನೂ ಬಿಸಿಗೆ ಹಿಡಿದು ಒಣಗಿಸಿ, ಶೀಶೆಯನ್ನೂ ಬೆಚ್ಚಗೆ ಮಾಡಿ, ಕೆಂಡ ಹೊರಗಿಟ್ಟೆವು. ಕೆಂಡ ಹತ್ತಿರವಿದ್ದರೆ ವಿದ್ಯುತ್ತು ಗಾಳಿಗೆ ಸೋರಿಹೋಗುತ್ತದೆ ಎಂಬುದಾದರೂ ನನಗೆ ನೆನಪಿತ್ತು. ಮತ್ತೆ ಉಜ್ಜಿದೆ. ಸೋಕಿಸಿದೆ.

ಎಲೆಗಳು ಬಿಚ್ಚಿಕೊಂಡವು. ಕೂತ ಚಿಟ್ಟೆ ರೆಕ್ಕೆ ತೆರೆದಂತೆ, ಎರಡೂ ಪಕ್ಕಕ್ಕೆ ಸರಿದು, ಹಾಗೆಯೇ ನಿಂತವು.

"ಯಾರೂ ಮುಟ್ಟಲಿಲ್ಲ!" ಎಂದು ತಾತ ಕೂಗಿದರು. ಹಕೀಮರು ಮೇಜು ಬಡಿದು ನಗಲು ಹೋಗಿ, ಆಕೆಯ ಕಣ್ಣು ನೋಡಿ ಕೈ ಹಿಂತೆಗೆದುಕೊಂಡರು.

"ಈಗ ನೀವು ಮುಟ್ಟಿ ತಾತ" ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಿನ್ನೆಯ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು. "ಮೇಲಿನ ಬಿಲ್ಲೆ ಮಾತ್ರ. ಮುಟ್ಟೋದೂ ಪ್ರಯೋಗಾನೇ." ಆಕೆಯೇ ಅವರ ಮುಷ್ಟಿ ಬಿಡಿಸಿ, ಆ ಉಂಗುರದ ಬೆರಳನ್ನು ಹಿಡಿದು ಮುಂದೆ ತಂದರು. ಬೆರಳು ಬಿಲ್ಲೆಗೆ ತಗುಲಿದ್ದೇ ತಡ, ಎಲೆಗಳು ಮೆತ್ತಗೆ ಮಡಚಿಕೊಂಡವು. ಹರಿಯಲಿಲ್ಲ.

"ಅದ್ರೊಳಗಿದ್ದಿದ್ದು ಎಲ್ಲಿಗೆ ಹೋಯ್ತು ಸಾರ್?"

"ನಿಮ್ಮ ಮೈಯಿಂದ ನೆಲಕ್ಕೆ ಇಳೀತು."

"ನನ್ನೊಳಗಿಂದಾನಾ?" ತಾತ ತಮ್ಮ ಪಾದ ನೋಡಿಕೊಂಡರು, ಮತ್ತೆ ಬೆರಳು ನೋಡಿಕೊಂಡರು. "ಇನ್ನೊಂದ್ಸಲ ಬಿಡಿ ಸಾರ್."

ಹನ್ನೊಂದು ಸಲ ಮಾಡಿದೆವು. ನಾನು ಎಣಿಸಿದ್ದೇನೆ. ಆರನೆಯ ಸಲ ಆಕೆ ಮುಟ್ಟಿದರು, ಏಳನೆಯ ಸಲ ಹಕೀಮರು. ಉಳಿದವೆಲ್ಲ ತಾತನವು. ನಾನು ಕೂಗಿದ್ದರಿಂದಲೇ ಎಲೆ ಹರಿಯಿತೇನೋ ಎಂದು ಆಗಲೇ ಅವರಿಗೆ ಹೇಳಿದೆ. "ಕೂಗಿದ್ದು ಒಳ್ಳೇದಾಯ್ತು ಬಿಡಿ" ಎಂದರು. "ಇಲ್ಲಾಂದ್ರೆ ನಾನು ಇದನ್ನ ನೋಡದೇನೇ ಹೋಗ್ತಿದ್ದೆ."

ತಿಂಗಳ ಕೊನೆಗೆ ಬೀಗದ ಕೈಗಳನ್ನು ನನ್ನ ಅಂಗೈಯಲ್ಲಿಟ್ಟು, ಎಲ್ಲವನ್ನೂ ನೆಟ್ಟಗೆ ಒಪ್ಪಿಸಿ ಹೋದರು. ಆಮೇಲೆ ಪ್ರತಿ ವರ್ಷ ಆ ಪಾಠದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ತೊಂಬತ್ತಾರರಲ್ಲಿ ಬರಲಿಲ್ಲ... ನನಗೆ ಗೌರಿಬಿದನೂರಿಗೆ ವರ್ಗವಾದ ಮೇಲೆ ಶೀಶೆ ಏನಾಯಿತೋ ತಿಳಿಯದು. ಹಲವು ವರ್ಷಗಳ ಮೇಲೆ ಹೋಗಿ ಕೇಳಿದಾಗ, ಅಂಥದ್ದೊಂದು ಇತ್ತೆಂಬುದೂ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ, ಕಳೆದ ತಿಂಗಳು, ಫೋನು ಜೇಬಿಗಿಟ್ಟುಕೊಂಡು ನಾನು ಮನೆಗೆ ಹೋಗಲಿಲ್ಲ. ಶಿಡ್ಲಘಟ್ಟದ ಬಸ್ಸು ಹತ್ತಿದೆ. ತಾತನ ಹೆಂಡತಿ ಮಗಳ ಮನೆಯ ಜಗುಲಿಯಲ್ಲಿ ಕೂತಿದ್ದರು. ಕಣ್ಣು ಪೂರ್ತಿ ಮಂಜಾಗಿದೆ, ದನಿಯಿಂದ ನನ್ನ ಗುರುತು ಹಿಡಿದರು. ಎಲೆ ಶೀಶೆ ನೆನಪಿದೆಯಾ ಅಮ್ಮ, ಎಂದೆ. ಅವರು ಬಲಗೈಯ ಉಂಗುರದ ಬೆರಳನ್ನು ಮುಂದೆ ಚಾಚಿ, ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಮುಟ್ಟಿದರು.

"ಮಡಚ್ಕೊಂತಾ ಮೇಷ್ಟ್ರೇ?"

"ಮಡಚ್ಕೊಳ್ತಮ್ಮ" ಎಂದೆ.

ಅಂದು ಪ್ರಯೋಗಶಾಲೆಯಲ್ಲಿದ್ದ ನಾಲ್ವರಲ್ಲಿ ತಾತ ಇಲ್ಲ, ಹಕೀಮ್ ಸಾಬರು ಇಲ್ಲ. ಅದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಇಬ್ಬರೇ: ನಾನು, ಮತ್ತು ಚಾಚಿದ ಬೆರಳನ್ನು ಇನ್ನೂ ಕೆಳಗಿಳಿಸದೆ ನಗುತ್ತ ಕೂತಿದ್ದ ಆಕೆ.