ಸ್ಕೂಟರಿನ ಡಿಕ್ಕಿಯಲ್ಲಿ ಮೂರು ಗಂಟೆ

ಮೊನ್ನೆ ಬೆಳಿಗ್ಗೆ ಮಗಳು ಮೇಧಾ ಮಾರ್ಕೆಟ್ಟಿನಿಂದ ಬಂದವಳೇ "ಅಪ್ಪಾ, ಸಂಪೆಂಗಿ ಸಿಕ್ತು ನೋಡು!" ಎಂದು ನಾಲ್ಕು ಸಂಪಿಗೆ ಹೂಗಳನ್ನು ನನ್ನ ಮೂಗಿಗೇ ಹಿಡಿದಳು. ನೀವು ಸಂಪಿಗೆಯ ಭಕ್ತರಾಗಿದ್ದರೆ ಕ್ಷಮಿಸಿ, ನಾನು ಕುರ್ಚಿ ಹಿಂದೆ ತಳ್ಳಿ ಬಾಲ್ಕನಿಗೆ ಎದ್ದುಹೋದೆ. ಕೈಯಲ್ಲಿ ಫೋನಿತ್ತು. ವಿಜಯವಾಡದ ಲ್ಯಾಬೊಂದರ ಡಾಕ್ಟರಮ್ಮ ವಾರದಿಂದ ಕರೆ ಮಾಡುತ್ತಿದ್ದರು. ನಾನೋ ನಿವೃತ್ತನಾಗಿ ವಿಶಾಖಪಟ್ಟಣದ ಋಷಿಕೊಂಡದ ಹತ್ತಿರ ಮಗಳ ಮನೆಯಲ್ಲಿ ಕೂತು ಉಣ್ಣುವವನು. ಮಹಾ ಕೆಲಸವಿದ್ದವನಂತೆ "ನಾಳೆ ಮಾತಾಡೋಣ" ಎಂದು ಜಾರಿಕೊಳ್ಳುತ್ತಿದ್ದೆ. ಆಕೆಗೆ ಬೇಕಿದ್ದುದು ಒಂದೇ ಪ್ರಶ್ನೆಗೆ ಉತ್ತರ. ಆ ಪ್ರಶ್ನೆಗೆ ನಾನು ಹಿಂದೆ ಎರಡು ಸಲ ಸುಳ್ಳು ಹೇಳಿದ್ದೆ.

ಆಗ ನಾನು ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಗ್ರಾಹಕರ ಸಹಿಯ ಬಾಲ ತುಸು ಸೊಟ್ಟಗಿದ್ದರೂ ಫಾರಂ ವಾಪಸು ಕಳಿಸುವ ಶಿಸ್ತಿನ ಮನುಷ್ಯ ಎಂದು ಹೆಸರು ಬೇರೆ. ಹೆಂಡತಿ ಗಿರಿಜೆಯ ಎದೆಯಲ್ಲಿ ಗಂಟು ಕಾಣಿಸಿತು. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ತೆಗೆದರು. ಮಾಂಸ ಕೆಡದಂತೆ ಹಿಡಿದಿಡುವ ಫಾರ್ಮಲಿನ್ ಅವತ್ತು ಅವರಲ್ಲಿ ಮುಗಿದಿತ್ತು. ಗಂಟನ್ನು ಬರೀ ಸಲೈನ್ ತುಂಬಿದ ಸೀಸೆಯಲ್ಲಿ ಹಾಕಿ, ಅದೇ ರಸ್ತೆಯ ಲ್ಯಾಬಿಗೆ ಮುಟ್ಟಿಸಲು ನರ್ಸಮ್ಮ ನನ್ನ ಕೈಗಿತ್ತಳು. "ವೆಂಟನೇ ಇಚ್ಚೇಯಂಡಿ ಸಾರ್, ಅರಗಂಟ ದಾಟಕೂಡದು" ಎಂದಳು. ಕೂಡಲೇ ಕೊಟ್ಟುಬಿಡಿ, ಅರ್ಧ ಗಂಟೆ ಮೀರಬಾರದು. ಅಷ್ಟು ತೆಲುಗು ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಗಿರಿಜೆಗೆ ಆಗಷ್ಟೇ ಎಚ್ಚರವಾಗಿತ್ತು. ಮಂಪರಿನಲ್ಲೇ ನನ್ನ ಕೈ ಹಿಡಿದು, "ರೀ, ಮೊದ್ಲ ಸಿಂಹಾಚಲಕ್ಕ ಹೋಗಿ ಅಪ್ಪನ್ನ ಸ್ವಾಮಿಗ ಕೈ ಮುಗದು ಬರ್ರಿ. ಆಮ್ಯಾಲೆ ಕೊಡೋದು ಇದ್ದ ಅದ. ಅಂವ ರಿಪೋರ್ಟ್ ಛಲೋದ ಬರಸ್ತಾನ" ಎಂದಳು. ನಾನು ಹೂಂ ಅಂದೆ. ಕತ್ತರಿಸಿದ ಉಗುರಿಗೆ ಇಲ್ಲದ ಅವಸರ ಇದಕ್ಕೇನು ಎಂಬುದು ನನ್ನ ಜಾಣತನ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮಾಂಸದ ತುಂಡನ್ನು ದೇವರ ಎದುರಿಗೆ ಒಯ್ಯುವುದುಂಟೆ? ಗುಡ್ಡದ ಮೇಲೆ ಸ್ಕೂಟರ್ ನಿಲ್ಲಿಸಿ, ಸೀಸೆಗೆ ರೇನ್‌ಕೋಟ್ ಸುತ್ತಿ ಡಿಕ್ಕಿಯಲ್ಲಿಟ್ಟು, ಬೀಗ ಹಾಕಿ ಎರಡು ಸಲ ಎಳೆದು ನೋಡಿದೆ. ಮೇ ತಿಂಗಳ ಬಿಸಿಲು, ಉದ್ದ ಸಾಲು. ಒಂದು ಗಂಟೆ ಕಳೆದಾಗ ಹೊರಟುಬಿಡಲೇ ಅನ್ನಿಸಿತು. ಅರ್ಧಕ್ಕೆ ಸಾಲು ಬಿಟ್ಟರೆ ದೇವರು ಏನೆಂದುಕೊಂಡಾನು ಎಂದು ಅಲ್ಲೇ ನಿಂತೆ. ದರ್ಶನ ಮುಗಿಸಿ, ಗಿರಿಜೆಗೆಂದು ಸಂಪಿಗೆ ಕೊಂಡು ಜೇಬಿನಲ್ಲಿಟ್ಟುಕೊಂಡು ಬರುವಷ್ಟರಲ್ಲಿ ಮೂರು ಗಂಟೆ ಮೇಲಾಗಿತ್ತು. ಸೀಸೆ ಕೈ ಸುಡುತ್ತಿತ್ತು.

ಲ್ಯಾಬಿನ ಕಿಟಕಿಯಲ್ಲಿದ್ದವರು, ತೆಗೆದು ಎಷ್ಟು ಹೊತ್ತಾಯಿತು ಎಂದು ಕೇಳಿದರು. ನರ್ಸಮ್ಮ ವೇಳೆ ಬರೆದಿರಲಿಲ್ಲ. "ಅರಗಂಟ" ಎಂದುಬಿಟ್ಟೆ. ಬೈಸಿಕೊಳ್ಳುವ ಭಯ, ಅಷ್ಟೇ. ಅವರು ಹಾಗೇ ಬರೆದುಕೊಂಡರು. ಗಿರಿಜೆ ಸಂಪಿಗೆ ಮೂಸಿ, ನಕ್ಕು, ಮತ್ತೆ ನಿದ್ದೆಹೋದಳು.

ಈ ರೋಗದಲ್ಲಿ ದಿನಕ್ಕೊಂದು ಮಾತ್ರೆಗೆ ಬಗ್ಗುವ ಜಾತಿಯಿದೆ, ಬಗ್ಗದ ಜಾತಿಯೂ ಇದೆ. ಯಾವುದೆಂದು ಆ ತುಂಡೇ ಹೇಳಬೇಕು. ಗಿರಿಜೆಯದು ಬಗ್ಗದ್ದು ಎಂದು ವರದಿ ಬಂತು. ಮಾತ್ರೆ ಕೊಡಲಿಲ್ಲ, ಕೂದಲು ಉದುರಿಸುವ ಔಷಧಿ ಕೊಟ್ಟು ಮುಗಿಸಿದರು. ಎರಡು ವರ್ಷ ಗಟ್ಟಿಯಾಗಿದ್ದಳು. ನನಗೆ ವಿಜಯವಾಡಕ್ಕೆ ವರ್ಗವಾಯಿತು, ಅಲ್ಲಿ ಅವಳ ಪಕ್ಕೆ ನೋಯತೊಡಗಿತು.

ಅಲ್ಲಿ ಸಿಕ್ಕವರೇ ಈ ಡಾಕ್ಟರಮ್ಮ, ಬಳ್ಳಾರಿಯಲ್ಲಿ ಓದಿದವರು. ಲಿವರಿನಿಂದ ತೆಗೆದ ಹೊಸ ತುಂಡನ್ನು ಆಗಿಂದಾಗಲೇ ಫಾರ್ಮಲಿನ್‌ಗೆ ಹಾಕಿಸಿ, ಗಡಿಯಾರ ನೋಡಿ ವೇಳೆ ಬರೆದರು. ಈ ಸಲ ವರದಿ ಉಲ್ಟಾ. ಮಾತ್ರೆಗೆ ಬಗ್ಗುವ ಜಾತಿ!

"ಕೆಲವು ಸಲ ಗುಣ ಬದಲಾಗುತ್ತೆ ಸಾರ್. ಇಲ್ಲಾಂದ್ರೆ ಮೊದಲನೇದು ಹೊರಗಿದ್ದು ಕೆಟ್ಟಿರಬೇಕು. ತೆಗೆದ ಮೇಲೂ ಅದಕ್ಕೆ ಸ್ವಲ್ಪ ಹೊತ್ತು ಜೀವ ಇರುತ್ತೆ, ಆಮೇಲೆ ಕೊಳೆಯುತ್ತೆ. ಎಷ್ಟೊತ್ತು ಹೊರಗಿತ್ತಂಡಿ?"

ಗಿರಿಜೆ ನನ್ನ ಪಕ್ಕದಲ್ಲೇ ಕೂತಿದ್ದಳು. "ಅರ್ಧ ಗಂಟೆ" ಎಂದೆ.

ವಿಶಾಖಪಟ್ಟಣದ ಲ್ಯಾಬಿನಿಂದ ತರಿಸಿಕೊಂಡ ಮೊದಲ ತುಂಡನ್ನೂ ಸೇರಿಸಿ ಉಳಿದದ್ದನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದಾಗ ಗಿರಿಜೆ ಕೂಡಲೇ ಸಹಿ ಹಾಕಿದಳು. "ನನಗಂತೂ ತಡಾ ಆತು. ಯಾರಿಗರೆ ಉಪಯೋಗ ಆಗ್ಲಿ." ಮಾತ್ರೆ ಶುರುವಾದ ಮೇಲೆ ಒಂದು ವರ್ಷ ಇದ್ದಳು. ಮಾಳಿಗೆಗೆ ಹೋಗಿ ದಿನಾ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಗುಡ್ಡದ ಕಡೆ ಕೈ ಮುಗಿಯುತ್ತಿದ್ದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬೇರೆ ಕಡೆ ತಿರುಗುತ್ತಿದ್ದೆ. ಮೊದಲೇ ಮಾತ್ರೆ ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರೂ ಹೇಳಲಾರರು. ಅದು ನನಗೂ ಗೊತ್ತು. ಗೊತ್ತಿದ್ದರೂ ಸಂಕಟ ಹೋಗುವುದಿಲ್ಲ.

ಮೊನ್ನೆ ಬಾಲ್ಕನಿಯಲ್ಲಿ ನಿಂತಿದ್ದಾಗ ಮತ್ತೆ ಆ ಡಾಕ್ಟರಮ್ಮನ ಫೋನ್ ಬಂತು. ಈ ಸಲ ಎತ್ತಿದೆ. ಗಿರಿಜೆಯ ಎರಡೂ ತುಂಡು ಮೇಣದ ಅಚ್ಚಿನಲ್ಲಿ ಕೂತು ಇನ್ನೂ ಅವರ ಲ್ಯಾಬಿನಲ್ಲೇ ಇವೆಯಂತೆ, ಒಂದೊಂದೂ ಉಗುರಿನಷ್ಟು. "ಒಬ್ಬರಲ್ಲೇ ಗುಣ ಬದಲಾದ ಇಂಥ ಜೋಡಿ ಅಪರೂಪ ಸಾರ್. ಬಹಳ ಜನ ಪೇಷೆಂಟ್ಸ್‌ಗೆ ಉಪಯೋಗ. ಮೊದಲನೇದು ಅರ್ಧ ಗಂಟೆ ಅಂತ ಬರೆದಿದೆ. ಹೌದು ಅಂದ್ರೆ ಸಾಕು."

ಹೌದು ಎಂದರೆ ನನ್ನ ಸುಳ್ಳೇ ಅವರ ಪಾಠವಾಗಿ, ಇನ್ಯಾರದೋ ಮನೆಯ ಹೆಂಗಸಿನ ತಲೆಯ ಮೇಲೆ ಬೀಳುತ್ತದೆ. ಅಲ್ಲ ಎಂದರೆ, ಕಾಫಿ ಹಿಡಿದು ಬಾಗಿಲಲ್ಲಿ ನಿಂತ ಮೇಧಾಗೆ ಎಲ್ಲ ಕೇಳಿಸುತ್ತದೆ.

"ಮೂರು ಗಂಟೆ, ಅಮ್ಮಾ" ಎಂದೆ. "ಮೂರಕ್ಕೂ ಹೆಚ್ಚ. ಸ್ಕೂಟರ್ ಡಿಕ್ಕಿಯೊಳಗ, ಬಿಸಲಾಗ. ನಾನು ಸಿಂಹಾಚಲದಾಗ ಪಾಳಿ ಹಚ್ಚಿದ್ದೆ. ಅವತ್ತೂ ಸುಳ್ಳ ಹೇಳಿದೆ, ನಿಮಗೂ ಸುಳ್ಳ ಹೇಳಿದೆ."

"ಹಾಗಾದ್ರೆ ಈ ಜೋಡಿ ತೆಗೆದುಬಿಡ್ತೀನಿ ಸಾರ್. ಈಗಲಾದ್ರೂ ಹೇಳಿದ್ರಲ್ಲ" ಎಂದರು ಡಾಕ್ಟರಮ್ಮ. ಇಷ್ಟು ವರ್ಷ ನಾನು ಹೆದರಿದ್ದ ಬೈಗುಳ ಅಷ್ಟೇ ಆಗಿತ್ತು. ಎದೆ ಹಗುರಾಯಿತು ಎಂದು ನಿಮಗೆ ಹೇಳಲು ಆಸೆ. ಹಾಗೇನೂ ಆಗಲಿಲ್ಲ.

ಮೇಧಾ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. ನಿಮ್ಮಮ್ಮನೇ ಕಳಿಸಿದ್ದಳು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಅಮ್ಮಗ ಹೇಳಿದ್ಯಾ?"

"ಇಲ್ಲ."

"ಮೂರು ವರ್ಷ ಇತ್ತಲ್ಲಪ್ಪಾ ನಿನಗ" ಎಂದು ಒಳಗೆ ಹೋದಳು.