ಇನ್ನೊಂದು ಅರಸೀಕೆರೆಯ ಮಡಿಲಕ್ಕಿ

ಸತ್ತವರನ್ನು ಕಂಡೆ ಎನ್ನುವವರನ್ನು ನೋಡಿ ನಾನು ನಗುತ್ತಿದ್ದವಳು. ಓದಿದ್ದು ಮೂರನೇ ಕ್ಲಾಸು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವು ನಂಬಲೇಬೇಕೆಂದೇನಿಲ್ಲ.

ನನ್ನನ್ನು ಹಗರೆಗೆ ಕೊಟ್ಟಿದ್ದರು, ಅಕ್ಕನನ್ನು ಅರಸೀಕೆರೆಗೆ. ಅಪ್ಪ ಅಮ್ಮ ಹೋದಮೇಲೆ ಅಕ್ಕನ ಮನೆಯೇ ನನಗೆ ತವರು. ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು ಹಾಕಿ ಮಡಿಲು ತುಂಬುತ್ತಿದ್ದಳು. ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ನಾನು ಅವಳ ಮೊರಕ್ಕೆ ವಾಪಸ್ ಹಾಕಬೇಕು, ತವರು ಬರಿದಾಗಬಾರದೆಂದು. ಒಂದು ಸಲ ನಾನು ಒಯ್ದಿದ್ದ ತುಪ್ಪವನ್ನು ಕಮಟು ಎಂದಳು. ಸಿಟ್ಟು ಬಂತು. ನಿನ್ನ ಮಡಿಲಕ್ಕಿ ಬೇಡವೆಂದು ಎದ್ದು ಬಂದೆ. ಮೊರ ಹಿಡಿದುಕೊಂಡೇ ಬಸ್ಸಿನವರೆಗೂ ಓಡಿ ಬಂದಳು. ನಾನು ತಿರುಗಿ ನೋಡಲಿಲ್ಲ. ಎರಡು ತಿಂಗಳಿಗೆ ಜ್ವರ ಬಂದು ಸತ್ತಳು. ಮಣ್ಣು ಮಾಡುವಾಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ.

ಮೂರು ವರ್ಷ ಕಳೆದಿತ್ತು. ತೊಂಬತ್ತಾರೋ ತೊಂಬತ್ತೇಳೋ ಇರಬೇಕು. ಕೊಬ್ಬರಿ ತರಲೆಂದು ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ, ಮಧ್ಯಾಹ್ನ ಅರಸೀಕೆರೆಯಲ್ಲಿ ಇಳಿದೆ. ಎಂದೋ ಕಡಿದುಹಾಕಿದ್ದ ಹುಣಸೆಮರ ನಿಲ್ದಾಣದ ಎದುರು ನಿಂತಿತ್ತು. ಕಾಯಿ ಬಿಟ್ಟಿತ್ತು. ಹೊಸ ಲಾಡ್ಜು ಇರಬೇಕಾದ ಕಡೆ ಹಳೇ ಸೈಕಲ್ ಶಾಪು. ಕಾಲು ತಾನಾಗಿ ಅಕ್ಕನ ಬೀದಿಗೆ ಹೋಯಿತು.

ಅಕ್ಕ ಜಗುಲಿಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು. ತಲೆ ಅರ್ಧ ನರೆತಿತ್ತು. ನನ್ನನ್ನು ಕಂಡು ಮೊರ ಕೆಳಗಿಟ್ಟಳು.

"ಏನೇ, ನೀನು ಸತ್ತು ಮೂರು ವರ್ಸ ಆಯ್ತಲ್ಲೇ!"

"ಸತ್ತಿದ್ದು ನೀನು ಕಣಕ್ಕ," ಎಂದೆ.

ಅವಳ ಕಡೆ ಆದದ್ದೇ ಬೇರೆ. ಆ ದಿನ ನಾನು ಸಿಟ್ಟಿನಲ್ಲಿ ಹತ್ತಿದ ಬಸ್ಸು ಹಳ್ಳಕ್ಕೆ ಉರುಳಿತಂತೆ. ತಂಗಿಯನ್ನು ಬರಿ ಮಡಿಲಲ್ಲಿ ಕಳಿಸಿದೆನೆಂದು ಅಂದಿನಿಂದ ಅವಳು ಯಾರ ಮಡಿಲೂ ತುಂಬಿಲ್ಲವಂತೆ.

"ತುಪ್ಪ ಚೆಂದಾಗೇ ಇತ್ತು ಕಣೇ. ನಾನೇ ಸುಮ್ಕೆ ಅಂದೆ."

"ಇಲ್ಲ ಕಣಕ್ಕ, ಕಮಟೇ. ನಂಗೂ ಗೊತ್ತಿತ್ತು."

ಇಬ್ಬರೂ ನಕ್ಕೆವು. ಇಲ್ಲೇ ಇದ್ದುಬಿಡು ಎಂದಳು. ಇರಬೇಕೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಹಸು ನನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಸಂಜೆ ಕರೆಯುವ ಹೊತ್ತಿಗೆ ಮನೆಯಲ್ಲಿರಬೇಕು ಎಂದೆ.

"ಸತ್ತೋದ್ರೂವೆ ಹಸಾ ಬಿಡ್ಲಿಲ್ವಲ್ಲೇ ನೀನು!"

ಬಯ್ಯುತ್ತಲೇ ಕಣ್ಣೊರೆಸಿಕೊಂಡು ಮಡಿಲು ತುಂಬಿದಳು. ಬಸ್ಸು ತಪ್ಪೀತೆಂದು ನಾನು ಓಡಿದೆ. ಈ ಸಲ ಮಾತ್ರ ತಿರುಗಿ ನೋಡಿದೆ. ಜಗುಲಿಯಲ್ಲೇ ನಿಂತಿದ್ದಳು.

ಬಸ್ಸು ಹೊರಟಾಗ ಕಿಟಕಿಯಿಂದ ಕಣ್ಣು ಹಾಯಿಸಿದರೆ ಹುಣಸೆಮರವಿಲ್ಲ, ಲಾಡ್ಜು ಇದೆ. ಸೆರಗು ಮುಟ್ಟಿಕೊಂಡೆ. ಅಕ್ಕಿ ಇತ್ತು. ಆಗಲೇ ನೆನಪಾದದ್ದು: ಅವಸರದಲ್ಲಿ ಹಿಡಿ ಅಕ್ಕಿ ಅವಳ ಮೊರಕ್ಕೆ ವಾಪಸ್ ಹಾಕಿರಲಿಲ್ಲ.

ಒಂದು ಹಿಡಿ ತೆಗೆದಿಟ್ಟು ಮಿಕ್ಕಿದ್ದನ್ನು ಬೇಯಿಸಿ ಉಂಡೆ. ಆ ಹಿಡಿ ಇನ್ನೂ ಡಬ್ಬಿಯಲ್ಲಿದೆ. ಅರಸೀಕೆರೆಗೆ ಹೋದಾಗಲೆಲ್ಲ ಒಯ್ಯುತ್ತೇನೆ, ಬಸ್ಸಿಳಿದ ಕೂಡಲೇ ಮರ ಹುಡುಕುತ್ತೇನೆ. ಲಾಡ್ಜೇ ಕಾಣುತ್ತದೆ. ಮನೆಗೆ ತಂದು ಹುಳು ಆರಿಸಿ ಬಿಸಿಲಿಗೆ ಹರಡುತ್ತೇನೆ. ಆ ಅರಸೀಕೆರೆಯ ಅಕ್ಕಿಗೆ ಈ ಮನೆಯ ಹುಳು ಹೇಗೆ ಹತ್ತಿತೋ, ನನಗಂತೂ ಗೊತ್ತಿಲ್ಲ.