ಬಾಗಿಲ ಮೇಲಿನ ಬೂದುಗುಂಬಳ

ಎನ್.ಆರ್. ಕಾಲೋನಿಯ ನಮ್ಮ ಮನೆಯ ಬಾಗಿಲ ಮೇಲೆ ಅತ್ತೆ ದೃಷ್ಟಿಗೆಂದು ಕಟ್ಟಿಸಿದ್ದ ಬೂದುಗುಂಬಳ ಕೊಳೆತು ತೊಟ್ಟಿಕ್ಕುತ್ತಿತ್ತು. ಹಗ್ಗವೂ ಕಪ್ಪಾಗಿತ್ತು. ಅದರಡಿ ಓಡಾಡುವಾಗೆಲ್ಲ ನನ್ನ ಕತ್ತು ತಾನಾಗಿ ಕುಗ್ಗುತ್ತಿತ್ತು.

"ಅಮಾವಾಸ್ಯೆವರೆಗೂ ಇಳಿಸಬಾರದು," ಎಂದರು ಅತ್ತೆ.

ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ಸಿಟ್ಟು ನೆತ್ತಿಗೇರಿತು. "ಭೂಮಿ ಅಮಾವಾಸ್ಯೆಗೆ ಕಾಯಲ್ಲ ಅತ್ತೆ. ಅದನ್ನ ಒಂದು ಕ್ಷಣಾನೂ ಬಿಡದೆ ಕೆಳಗೆ ಎಳೀತಾನೇ ಇದೆ. ತಡೀತಿರೋದು ಆ ಹಗ್ಗ ಒಂದೇ."

ಮರುದಿನ ಬೆಳಿಗ್ಗೆ ಅತ್ತೆ ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದರು. ಮೇಲೆ ಹಗ್ಗದ ಎಳೆಯೊಂದು ಪಟ್ಟೆಂದಿತು. ನಾನು ಓಡಿಹೋಗಿ ಅವರ ರಟ್ಟೆ ಹಿಡಿದು ಎಳೆದೆ. ಕಾಯಿ ರಂಗೋಲಿಯ ಮೇಲೆ ಬಿದ್ದು ಸಿಡಿಯಿತು.

ಅತ್ತೆ ಸೀರೆ ಒರೆಸಿಕೊಂಡು ಮೇಲೆ ನೋಡಿದರು.

"ನೋಡಿದ್ಯಾ, ಎಷ್ಟು ದೃಷ್ಟಿ ಬಿದ್ದಿತ್ತು ಮನೆಗೆ? ಈ ಸಲ ಇದಕ್ಕಿಂತ ದೊಡ್ಡದು ತಾ."